ಹಳೇ ಡೇಟಾ ಪೂರ್ತಿ ಹೊಸ ಸಾಫ್ಟ್‌ವೇರ್‌ಗೆ ಬರಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಸಾಫ್ಟ್‌ವೇರ್ ಬದಲಾಯಿಸುವ ವಿಷಯದ್ದೇ ಜಾಸ್ತಿ. ಅದಕ್ಕೇ ಅಂಕಣ ಪೂರ್ತಿ ಅದಕ್ಕೆ ಮೀಸಲಿಟ್ಟಿದ್ದೇನೆ. ಓದುಗರ ಹೆಸರು, ಸಂಸ್ಥೆಗಳ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ಯಂತ್ರಗಳ ಬಿಡಿಭಾಗ ಮಾರುವ ಸಂಸ್ಥೆಯಲ್ಲಿ ನಾನು ಅಕೌಂಟೆಂಟ್. 12 ವರ್ಷದಿಂದ ಒಂದೇ ಬಿಲ್ಲಿಂಗ್ ಸಾಫ್ಟ್‌ವೇರ್ ಇತ್ತು, ಈಗ ಬದಲಾಯಿಸುತ್ತಿದ್ದೇವೆ. ಹೊಸ ಸಾಫ್ಟ್‌ವೇರ್‌ನವರು ‘ಓಪನಿಂಗ್ ಬ್ಯಾಲೆನ್ಸ್ (ಶುರು ಮಾಡುವ ದಿನದ ಬಾಕಿ ಮೊತ್ತ) ಕೊಡಿ ಸಾಕು, ಹಳೇದೆಲ್ಲ ಯಾಕೆ’ ಅಂತಾರೆ. ನಮ್ಮ ಯಜಮಾನರು ‘ಒಂದು ಬಿಲ್ಲೂ ಬಿಡೋ ಹಾಗಿಲ್ಲ’ ಅಂತಾರೆ. ಮಧ್ಯೆ ನಾನು ಸಿಕ್ಕಿಹಾಕಿಕೊಂಡಿದ್ದೇನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಅರ್ಧ ಸರಿ. ಯಜಮಾನರಿಗೆ ನಿಜವಾಗಿ ಬೇಕಿರುವುದು ಹಳೇ ಲೆಕ್ಕ ಕಳೆದುಹೋಗಬಾರದು, ಕೇಳಿದಾಗ ಸಿಗಬೇಕು ಅನ್ನೋದು. ಅದಕ್ಕೆ ಅದೆಲ್ಲ ಹೊಸ ಸಾಫ್ಟ್‌ವೇರ್ ಒಳಗೇ ಬಂದು ಕೂರಬೇಕು ಅಂತೇನಿಲ್ಲ. ಹಳೇದನ್ನು ಕಾಪಾಡಿಕೊಳ್ಳುವುದು ಒಂದು ಕೆಲಸ, ಹೊಸದಕ್ಕೆ ತುಂಬುವುದು ಇನ್ನೊಂದು ಕೆಲಸ. ಇವೆರಡನ್ನೂ ಒಂದೇ ಅಂದುಕೊಂಡಾಗಲೇ ಈ ಜಗಳ ಶುರುವಾಗುವುದು.

ಒಂದೊಂದು ಬಗೆಯ ಮಾಹಿತಿ ಹಿಡಿದು ಒಂದೇ ಪ್ರಶ್ನೆ ಕೇಳಿ: ಮುಂದಿನ ವರ್ಷ ಇದನ್ನು ಯಾರು ಕೇಳುತ್ತಾರೆ, ಯಾಕೆ ಕೇಳುತ್ತಾರೆ? ದಿನಾ ಕೆಲಸ ಮಾಡುವವರಿಗೆ ಬೇಕಾದ್ದು ಹೊಸದಕ್ಕೆ ಬರಬೇಕು. ಯಾವಾಗಲೋ ಒಮ್ಮೆ ಆಡಿಟರ್ ಅಥವಾ ಗ್ರಾಹಕರು ಕೇಳುವಂಥದ್ದು ಹೊರಗೆ, ಹುಡುಕಿದರೆ ಸಿಗುವ ಹಾಗೆ ಇದ್ದರೆ ಸಾಕು. ಯಾರೂ ಕೇಳುವುದಿಲ್ಲ, ಇಡಬೇಕು ಅಂತ ಕಾನೂನೂ ಹೇಳುವುದಿಲ್ಲ ಅಂದ್ರೆ ಅದನ್ನು ಇಡುವ ಕಾರಣವೇ ಇಲ್ಲ.

ನಿಮ್ಮ ವಿಷಯದಲ್ಲಿ ಬರಬೇಕಾದ್ದು ಗ್ರಾಹಕರ ಪಟ್ಟಿ, ಮಾಲಿನ ಪಟ್ಟಿ, ಸ್ಟಾಕು, ಇನ್ನೂ ಪೂರೈಸದ ಆರ್ಡರ್‌ಗಳು, ವಸೂಲಾಗದ ಬಾಕಿ. ಈ ಬಾಕಿ ವಿಷಯದಲ್ಲಿ ಹೊಸ ಸಾಫ್ಟ್‌ವೇರ್‌ನವರ ಮಾತನ್ನು ಪೂರ್ತಿ ಒಪ್ಪಬೇಡಿ. ಒಬ್ಬ ಗ್ರಾಹಕರಿಂದ 84,000 ಬರಬೇಕು ಅಂತ ಒಂದೇ ಸಾಲಿನಲ್ಲಿ ಓಪನಿಂಗ್ ಬ್ಯಾಲೆನ್ಸ್ ಹಾಕಿಬಿಟ್ಟರೆ, ಅವರು ಮುಂದಿನ ತಿಂಗಳು ಯಾವುದೋ ಒಂದು ಬಿಲ್ಲಿಗೆ 31,500 ಕಟ್ಟಿದಾಗ ಅದನ್ನು ಯಾವುದಕ್ಕೆ ಜಮಾ ಮಾಡುತ್ತೀರಿ? ಎಷ್ಟು ದಿನದ ಬಾಕಿ ಅಂತ ಹೇಗೆ ಗೊತ್ತಾಗಬೇಕು? ಬಾಕಿ ಬಿಲ್‌ವಾರು ಬರಲಿ. ಬಿಲ್ ನಂಬರ್, ತಾರೀಖು, ಉಳಿದ ಮೊತ್ತ ಮೂರೂ ಬೇಕು. ತೀರಿಹೋದ ಬಿಲ್‌ಗಳು ಬರಬೇಕಾಗಿಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ವ್ಯಾಪಾರ ಹೋಲಿಸಿ ನೋಡುವ ಅಭ್ಯಾಸ ಯಜಮಾನರಿಗಿದ್ದರೆ ತಿಂಗಳುವಾರು ಒಟ್ಟು ಮೊತ್ತಗಳನ್ನು ತನ್ನಿ, ಅದಕ್ಕೆ ಬಿಡಿ ಬಿಲ್‌ಗಳು ಬೇಕಿಲ್ಲ.

ಬಹಳ ಜನ ಮರೆಯುವುದು ಹಳೇ ನಂಬರ್. ಹೊಸ ಸಾಫ್ಟ್‌ವೇರ್ ಪ್ರತಿ ಗ್ರಾಹಕರಿಗೂ ತನ್ನದೇ ನಂಬರ್ ಕೊಡುತ್ತದೆ. ಪಕ್ಕದಲ್ಲಿ ‘ಹಳೇ ಗ್ರಾಹಕ ನಂಬರ್’ ಅಂತ ಒಂದು ಕಾಲಂ ಇಡಿಸಿ. ಮಾಲಿಗೂ ಅಷ್ಟೇ. ಈ ಒಂದು ಕಾಲಂ ಇಲ್ಲದಿದ್ದರೆ, ಹಳೇ ದಾಖಲೆ ಎಷ್ಟೇ ಜೋಪಾನವಾಗಿಟ್ಟರೂ ಹೊಸದರಲ್ಲಿ ಕಾಣುವ ಮನುಷ್ಯ ಹಳೇದರಲ್ಲಿ ಯಾರು ಅಂತ ಹೆಸರಿನ ಮೇಲೆ ಊಹೆ ಮಾಡುತ್ತಾ ಕೂರಬೇಕಾಗುತ್ತದೆ.

ಹೆಸರಿನ ಕಥೆಯೇ ಬೇರೆ. 12 ವರ್ಷದ ಪಟ್ಟಿ ಅಂದ್ರೆ ಒಂದೇ ಅಂಗಡಿ ಮೂರು ಕಡೆ ಇರುತ್ತದೆ. ಒಂದರಲ್ಲಿ ‘ಟ್ರೇಡರ್ಸ್’, ಇನ್ನೊಂದರಲ್ಲಿ ‘ಟ್ರೇಡರ್’, ಮೂರನೆಯದರಲ್ಲಿ ಹಿಂದೆ ಒಂದು ಚುಕ್ಕಿ, ಯಾಕಂದ್ರೆ ಯಾರೋ ‘ಈ ಹೆಸರು ಈಗಾಗಲೇ ಇದೆ’ ಅನ್ನುವ ತಡೆ ದಾಟಲು ಚುಕ್ಕಿ ಹಾಕಿದ್ದರು. ಮೂರಕ್ಕೂ ಬೇರೆ ಬೇರೆ ಬಾಕಿ. ಇದನ್ನು ಸರಿಪಡಿಸುವ ಕೆಲಸ ಹಳೇ ಸಾಫ್ಟ್‌ವೇರ್‌ನಲ್ಲೇ, ತರುವ ಮೊದಲೇ ಆಗಲಿ. ‘ಹೊಸದಕ್ಕೆ ಹೋದಮೇಲೆ ನೋಡಿಕೊಳ್ಳೋಣ’ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮೈನಸ್ ಸ್ಟಾಕ್ ತೋರಿಸುವ ಮಾಲುಗಳನ್ನೂ ಗೋಡೌನಿಗೆ ಹೋಗಿ ಎಣಿಸಿ ಸರಿ ಮಾಡಿ.

ತಂದಾದ ಮೇಲೆ ತಾಳೆ ನೋಡುವುದು ನಿಮ್ಮದೇ ಕೆಲಸ, ಸಾಫ್ಟ್‌ವೇರ್‌ನವರಿಗೆ ಬಿಡಬೇಡಿ. ಎರಡೂ ಕಡೆ ಗ್ರಾಹಕರ ಸಂಖ್ಯೆ, ಒಟ್ಟು ಬಾಕಿ, ಸ್ಟಾಕಿನ ಒಟ್ಟು ಬೆಲೆ, ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಒಂದೇ ದಿನಾಂಕಕ್ಕೆ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ಒಟ್ಟು ಸರಿಯಿದ್ದರೂ ಒಳಗೆ ಅದಲು ಬದಲಾಗಿರಬಹುದು, ಹಾಗಾಗಿ ಸುಮ್ನೆ ಕಣ್ಣುಮುಚ್ಚಿ ಆರಿಸಿದ ಒಂದಿಷ್ಟು ಗ್ರಾಹಕರನ್ನೂ, ನಿಮಗೆ ಗೊತ್ತಿರುವ ಅತ್ಯಂತ ಗೋಜಲಿನ ಗ್ರಾಹಕರನ್ನೂ ತೆರೆದು ಸಾಲು ಸಾಲಾಗಿ ಓದಿ. ಆ ಗೋಜಲಿನವರು ಯಾರು ಅಂತ ನಿಮಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಈ ಕೆಲಸ ನಿಮ್ಮ ಕೈಯಲ್ಲೇ ಇರಬೇಕು ಅಂತ ಹೇಳುತ್ತಿರುವುದು.

ಪ್ರಶ್ನೆ: ಸರ್, ನಾನು ಒಂದು ಕ್ಲಿನಿಕ್‌ನ ಆಡಳಿತ ನೋಡಿಕೊಳ್ಳುತ್ತೇನೆ. ನಿಮ್ಮ ಹಿಂದಿನ ಉತ್ತರಗಳಲ್ಲಿ ‘ಹಳೇದನ್ನು ಹೊರಗಿಡಿ’ ಅಂತ ಬರೆದಿದ್ದೀರಿ. ರೋಗಿಗಳ ದಾಖಲೆಗೂ ಇದೇ ಅನ್ವಯಿಸುತ್ತದಾ? ಎಂಟು ವರ್ಷದ ಹಿಂದೆ ಬಂದವರು ಮತ್ತೆ ಬರುತ್ತಾರಲ್ಲ?

ಉತ್ತರ: ಇಲ್ಲ ಮೇಡಂ, ಇಲ್ಲಿ ಲೆಕ್ಕವೇ ಬೇರೆ. ತೀರಿದ ಬಿಲ್ ತೀರಿತು. ಎಂಟು ವರ್ಷದ ಹಿಂದೆ ಒಂದು ಔಷಧಿಗೆ ಮೈಯೆಲ್ಲ ದದ್ದು ಎದ್ದಿತ್ತು ಅನ್ನುವ ಮಾಹಿತಿ ಇವತ್ತಿಗೂ ಅಷ್ಟೇ ಮುಖ್ಯ. ದಾಖಲೆ ಎಷ್ಟು ಹಳೇದು ಅನ್ನೋದನ್ನು ನೋಡಿ ಇಲ್ಲಿ ತೀರ್ಮಾನ ಮಾಡಲು ಬರುವುದಿಲ್ಲ.

ಅಲರ್ಜಿ, ಈಗ ನಡೆಯುತ್ತಿರುವ ಔಷಧಿ, ದೀರ್ಘಕಾಲದ ಕಾಯಿಲೆ, ಆಪರೇಷನ್, ಲಸಿಕೆ ಇವು ಹೊಸ ಸಾಫ್ಟ್‌ವೇರ್‌ನಲ್ಲಿ ತಮ್ಮ ತಮ್ಮ ಕಾಲಂನಲ್ಲೇ ಬರಬೇಕು, ಯಾಕಂದ್ರೆ ಡಾಕ್ಟರ್ ಔಷಧಿ ಬರೆಯುವಾಗ ಎಚ್ಚರಿಕೆ ಕೊಡುವುದು ಆ ಕಾಲಂ ನೋಡಿಯೇ. ಹಳೇ ಭೇಟಿಗಳ ಟಿಪ್ಪಣಿ, ಲ್ಯಾಬ್ ವರದಿಗಳನ್ನು ರೋಗಿವಾರು ಪಿಡಿಎಫ್ ಮಾಡಿ ಅವರವರ ಹೆಸರಿಗೆ ಲಗತ್ತಿಸಿದರೆ ಸಾಕಾಗುತ್ತದೆ. ಸಕ್ಕರೆ ಕಾಯಿಲೆಯಂಥ ವಿಷಯಕ್ಕೆ ವರ್ಷಗಳ ಏರಿಳಿತ ಗ್ರಾಫಿನಲ್ಲಿ ಬೇಕು ಅಂತ ಡಾಕ್ಟರ್ ಹೇಳಿದರೆ ಆ ಅಂಕಿಗಳನ್ನು ಮಾತ್ರ ಅಂಕಿಗಳಾಗಿಯೇ ತನ್ನಿ.

ಈಗ ಒಂದು ವಿಷಯ ತುಂಬಾ ಗಮನವಿಟ್ಟು ಓದಿ. ಹಳೇ ಸಾಫ್ಟ್‌ವೇರ್‌ನಲ್ಲಿ ಅಲರ್ಜಿ ಕಾಲಂ ಖಾಲಿ ಇದೆ ಅಂದುಕೊಳ್ಳಿ. ಖಾಲಿ ಅಂದ್ರೆ ಯಾರೂ ಕೇಳಿಲ್ಲ ಅಂತ. ಹೊಸದರಲ್ಲಿ ಆ ಜಾಗ ಖಾಲಿ ಬಿಡಲು ಬರುವುದಿಲ್ಲ, ‘ಇದೆ’ ಅಥವಾ ‘ಇಲ್ಲ’ ಎರಡರಲ್ಲಿ ಒಂದು ಇರಲೇಬೇಕು. ಆಗ ಡೇಟಾ ತರುವ ಹುಡುಗರು ಕೆಲಸ ಸಾಗಲಿ ಅಂತ ಖಾಲಿ ಇದ್ದದ್ದಕ್ಕೆಲ್ಲ ‘ಇಲ್ಲ’ ಅಂತ ತುಂಬುತ್ತಾರೆ. ಯಾರೂ ಕೇಳದೇ ಇದ್ದ ಪ್ರಶ್ನೆಗೆ ಸಾವಿರಾರು ರೋಗಿಗಳ ಹೆಸರಿನಲ್ಲಿ ಉತ್ತರ ಬರೆದ ಹಾಗಾಯಿತು, ಅದನ್ನು ನಂಬಿ ನಾಳೆ ಯಾರೋ ಇಂಜೆಕ್ಷನ್ ಕೊಡುತ್ತಾರೆ. ‘ಗೊತ್ತಿಲ್ಲ, ಕೇಳಬೇಕು’ ಅನ್ನುವ ಮೂರನೇ ಆಯ್ಕೆ ಇರಲೇಬೇಕು ಅಂತ ಪಟ್ಟು ಹಿಡಿಯಿರಿ. ಆ ಆಯ್ಕೆ ಇಲ್ಲದ ಸಾಫ್ಟ್‌ವೇರ್ ಆದರೆ ಅದನ್ನು ಕೊಳ್ಳುವ ಮೊದಲು ಇನ್ನೊಮ್ಮೆ ಯೋಚಿಸಿ ಅಂತಲೇ ನನ್ನ ಸಲಹೆ.

ತೂಕ, ಎತ್ತರ, ಔಷಧಿಯ ಪ್ರಮಾಣ ಇವುಗಳ ಅಳತೆಯೂ ಎರಡೂ ಕಡೆ ಒಂದೇ ಇದೆಯಾ ನೋಡಿ. ಬರೀ ‘70’ ಅಂತ ಇದ್ದರೆ ಅದು ಕಿಲೋನಾ ಪೌಂಡಾ ಅಂತ ಹಳೇ ಸಾಫ್ಟ್‌ವೇರ್‌ನ ಪರದೆ ಹೇಳುತ್ತಿತ್ತು, ಹೊರಗೆ ತೆಗೆದ ಫೈಲ್ ಹೇಳುವುದಿಲ್ಲ.

ಪ್ರಶ್ನೆ: ಹಳೇ ಸಾಫ್ಟ್‌ವೇರ್‌ನಿಂದ ಡೇಟಾ ಎಕ್ಸ್‌ಪೋರ್ಟ್ ಮಾಡಿ ಎಕ್ಸೆಲ್‌ನಲ್ಲಿ ತೆಗೆದೆ. ಫೋನ್ ನಂಬರ್‌ಗಳು ಏನೇನೋ ಆಗಿವೆ, ಸೊನ್ನೆಯಿಂದ ಶುರುವಾಗುವ ಕೋಡ್‌ಗಳಲ್ಲಿ ಸೊನ್ನೆ ಮಾಯ, ಕೆಲವು ತಾರೀಖುಗಳಲ್ಲಿ ತಿಂಗಳು ದಿನ ಅದಲು ಬದಲು. ಹಳೇ ಸಾಫ್ಟ್‌ವೇರ್ ಡೇಟಾ ಕೆಡಿಸಿದೆಯಾ?

ಉತ್ತರ: ಬಹುತೇಕ ಇಲ್ಲ. ಕೆಡಿಸಿದ್ದು ಎಕ್ಸೆಲ್. ನೀವು ತೆಗೆದ ಸಿಎಸ್‌ವಿ ಫೈಲ್ ಬರೀ ಅಕ್ಷರಗಳ ಸಾಲು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ತಾನೇ ಇದು ಅಂಕಿ, ಇದು ತಾರೀಖು ಅಂತ ತೀರ್ಮಾನ ಮಾಡುತ್ತದೆ. ಅಂಕಿ ಅಂದುಕೊಂಡರೆ ಮುಂದಿನ ಸೊನ್ನೆ ತೆಗೆದುಬಿಡುತ್ತದೆ. 12 ಅಂಕಿ ಅಥವಾ ಅದಕ್ಕಿಂತ ಉದ್ದದ್ದನ್ನು 9.19 ಅಂತ ಬರೆದು ಪಕ್ಕದಲ್ಲಿ ‘ಇ’ ಹಾಕಿ ಚಿಕ್ಕದು ಮಾಡಿ ತೋರಿಸುತ್ತದೆ. 15 ಅಂಕಿ ದಾಟಿದರೆ ಮುಂದಿನದ್ದನ್ನೆಲ್ಲ ಸೊನ್ನೆ ಮಾಡುತ್ತದೆ, ಹಾಗಾಗಿ 16 ಅಂಕಿಯ ಕಾರ್ಡ್ ನಂಬರ್‌ನ ಕೊನೇ ಅಂಕಿ ಹೋಯಿತು ಅಂತಲೇ ಲೆಕ್ಕ. ನೋಡಿ ಹಾಗೇ ಮುಚ್ಚಿದರೆ ಮೂಲ ಫೈಲಿಗೆ ಏನೂ ಆಗುವುದಿಲ್ಲ. ‘ಸೇವ್’ ಒತ್ತಿದರೆ ಮಾತ್ರ ಪರದೆ ಮೇಲೆ ಕಾಣುವ ಆ 9.19 ಫೈಲ್ ಒಳಗೂ ಹೋಗಿ ಕೂರುತ್ತದೆ.

ಮೊದಲು ಮೂಲ ಫೈಲಿನ ಒಂದು ಪ್ರತಿ ಬೇರೆ ಕಡೆ ಇಡಿ, ಅದನ್ನು ಯಾರೂ ಮುಟ್ಟುವುದು ಬೇಡ. ನೋಟ್‌ಪ್ಯಾಡ್‌ನಲ್ಲಿ ತೆರೆದು ಸೊನ್ನೆ ಇದೆಯಾ ನೋಡಿ, ಇದ್ದರೆ ಡೇಟಾ ಸರಿಯಿದೆ. ಆಮೇಲೆ ಎಕ್ಸೆಲ್‌ನ ಡೇಟಾ ಮೆನುವಿನಿಂದ ಫೈಲ್ ಒಳತಂದು, ನಂಬರ್, ಕೋಡ್, ತಾರೀಖು ಕಾಲಂಗಳನ್ನೆಲ್ಲ ‘ಟೆಕ್ಸ್ಟ್’ ಅಂತ ಆರಿಸಿ.

ತಾರೀಖಿನಲ್ಲಿ ಇನ್ನೂ ಎರಡು ಕೊಕ್ಕೆ ಇವೆ. 03/04/2019 ಅಂದ್ರೆ ಏಪ್ರಿಲ್ ಮೂರಾ, ಮಾರ್ಚ್ ನಾಲ್ಕಾ? ಎಕ್ಸೆಲ್ ತಿಂಗಳು ಮೊದಲು ಅಂದುಕೊಂಡು ಓದುವಾಗ, 25/04 ಆದರೆ 25ನೇ ತಿಂಗಳು ಇಲ್ಲ ಅಂತ ಹಾಗೇ ಬಿಡುತ್ತದೆ, 12ರೊಳಗಿನ ದಿನಗಳು ಮಾತ್ರ ಸದ್ದಿಲ್ಲದೆ ತಿರುಗಿಬಿಡುತ್ತವೆ. ನಿಮ್ಮಲ್ಲಿ ‘ಕೆಲವು’ ಮಾತ್ರ ಕೆಟ್ಟಿರುವುದು ಅದಕ್ಕೇ. ಇನ್ನು ವರ್ಷ ಎರಡೇ ಅಂಕಿಯಲ್ಲಿದ್ದರೆ ಎಕ್ಸೆಲ್ ಸಾಮಾನ್ಯವಾಗಿ 29ರವರೆಗೆ 2029 ಅಂತಲೂ 30ರಿಂದ ಮುಂದೆ 1930 ಅಂತಲೂ ಓದುತ್ತದೆ. 1928ರಲ್ಲಿ ಹುಟ್ಟಿದವರು 2028ಕ್ಕೆ ಹೋಗಿ ಕೂರುತ್ತಾರೆ. ಹಳೇ ಸಾಫ್ಟ್‌ವೇರ್‌ನಲ್ಲಿ ಆಯ್ಕೆ ಇದ್ದರೆ 2019-04-03, ಅಂದ್ರೆ ವರ್ಷ-ತಿಂಗಳು-ದಿನ, ಈ ಕ್ರಮದಲ್ಲೇ ತೆಗೆಯಿರಿ. ಇದು ಅಂತರರಾಷ್ಟ್ರೀಯ ಮಾನದಂಡ, ಯಾವ ಸಾಫ್ಟ್‌ವೇರ್‌ಗೂ ಗೊಂದಲ ಆಗುವುದಿಲ್ಲ.

ಇದು ನಿಮ್ಮೊಬ್ಬರ ಪಾಡಲ್ಲ. ವಂಶವಾಹಿಗಳ ಹೆಸರನ್ನು ಎಕ್ಸೆಲ್ ತಾರೀಖು ಮಾಡಿಬಿಡುತ್ತದೆ ಅಂತ ವಿಜ್ಞಾನಿಗಳು 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸಿದರು, ‘ಮಾರ್ಚ್1’ ಅಂತಿದ್ದದ್ದು ‘ಮಾರ್ಚ್‌ಎಫ್1’ ಆಯಿತು. ಅದೇ ವರ್ಷ ಇಂಗ್ಲೆಂಡ್‌ನಲ್ಲಿ 15,841 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋದವು. ಕಾರಣ ಹಳೇ ಎಕ್ಸೆಲ್ ಫೈಲ್ ಮಾದರಿಯ ಮಿತಿ. ಅದರಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ, ಹೊಸ ಮಾದರಿಯಲ್ಲಿ 10,48,576. ನಿಮ್ಮ ಫೈಲಿನಲ್ಲಿ ಸರಿಯಾಗಿ 65,536 ಸಾಲು ಕಂಡರೆ ಅಲ್ಲಿಗೆ ಡೇಟಾ ಮುಗಿದಿದೆ ಅಂತ ನಂಬಬೇಡಿ, ಅಲ್ಲಿಗೆ ಕತ್ತರಿಸಿ ಹೋಗಿರುವುದೇ ಹೆಚ್ಚು ಸಂಭವ.

ಪ್ರಶ್ನೆ: ನಮ್ಮ ಸದಸ್ಯರ ಹೆಸರು, ವಿಳಾಸ ಎಲ್ಲ ಕನ್ನಡದಲ್ಲಿವೆ. ಹೊಸ ಸಾಫ್ಟ್‌ವೇರ್‌ಗೆ ಹಾಕಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ಎಲ್ಲ ಮತ್ತೆ ಟೈಪ್ ಮಾಡಬೇಕಾ?

ಉತ್ತರ: ಅವಸರ ಬೇಡ. ಏನು ಕಾಣುತ್ತಿದೆ ಅನ್ನುವುದರ ಮೇಲೆ ರೋಗ ಯಾವುದು ಅಂತ ಹೇಳಬಹುದು.

ತಲೆ ಮೇಲೆ ಸಣ್ಣ ಗೀಟಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬರುತ್ತಿದೆಯಾ? ಹಾಗಾದರೆ ನಿಮ್ಮ ಡೇಟಾ ಯೂನಿಕೋಡ್‌ನಲ್ಲೇ (ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಮಾನದಂಡ) ಇದೆ, ಕೂದಲೂ ಕೊಂಕಿಲ್ಲ. ಓದುವ ಕಡೆ ತಪ್ಪಾಗಿದೆ ಅಷ್ಟೇ, ಒಳತರುವಾಗ ‘ಯುಟಿಎಫ್-8’ ಅಂತ ಆರಿಸಿ.

ಬೇರೆ ಬೇರೆ ವಿಚಿತ್ರ ಅಕ್ಷರಗಳ ಕಲಸುಮೇಲೋಗರ ಇದ್ದು, ಫಾಂಟ್ ಬದಲಾಯಿಸಿದಾಗ ಮಾತ್ರ ಕನ್ನಡ ಕಾಣುತ್ತದಾ? ಅದು ನುಡಿ, ಬರಹ, ಶ್ರೀಲಿಪಿಯಂಥ ಹಳೇ ಫಾಂಟ್‌ಗಳ ಬರವಣಿಗೆ. ಅಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಕನ್ನಡದ ರೂಪ ಕೊಡುವುದು ಫಾಂಟ್. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ನಮ್ಮ ಕಚೇರಿಗಳಲ್ಲಿ ಹಳೇ ಫಾಂಟ್ ಬಹಳ ಕಾಲ ಉಳಿದವು. ಇದಕ್ಕೆ ಪರಿವರ್ತಕಗಳು ಸಿಗುತ್ತವೆ, ಮತ್ತೆ ಟೈಪ್ ಮಾಡುವ ಗೋಜಿಲ್ಲ. ಆದರೆ ಒಂದೇ ಕಾಲಂನಲ್ಲಿ ಕನ್ನಡವೂ ನಿಜವಾದ ಇಂಗ್ಲಿಷೂ ಬೆರೆತಿದ್ದರೆ ಪರಿವರ್ತಕ ಇಂಗ್ಲಿಷನ್ನೂ ಕನ್ನಡ ಅಂದುಕೊಂಡು ಕೆಡಿಸುತ್ತದೆ. ಇಮೇಲ್ ವಿಳಾಸ, ಕಂಪನಿ ಹೆಸರಿನ ಕಾಲಂಗಳನ್ನು ಮೊದಲೇ ಬೇರ್ಪಡಿಸಿ. ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಹುಡುಕಿ ಓದಿ. ‘ಕೀರ್ತಿ’, ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಸರಿಯಾಗಿ ಬಂದಿದ್ದರೆ ಮಿಕ್ಕದ್ದೂ ಬಹುತೇಕ ಸರಿಯಿರುತ್ತದೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಕಷ್ಟ. ಎಕ್ಸ್‌ಪೋರ್ಟ್ ಆಗುವಾಗಲೇ ಅಕ್ಷರ ಹೋಗಿರುತ್ತದೆ, ಆ ಫೈಲಿನಿಂದ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಹಳೇ ಸಾಫ್ಟ್‌ವೇರ್ ಇನ್ನೂ ಬದುಕಿದ್ದರೆ ಬೇರೆ ರೀತಿಯಲ್ಲಿ ಮತ್ತೆ ತೆಗೆಯಿರಿ. ಅದಕ್ಕೇ ಹೇಳುವುದು, ಹೊಸದರಲ್ಲಿ ಕನ್ನಡ ಕಣ್ಣಾರೆ ಓದುವವರೆಗೂ ಹಳೇದನ್ನು ಮುಚ್ಚಬೇಡಿ.

ಪ್ರಶ್ನೆ: ಹಳೇ ಡೇಟಾ ಹೊಸದಕ್ಕೆ ತರುತ್ತಿಲ್ಲ. ಹಳೇ ಸಾಫ್ಟ್‌ವೇರ್ ಇರುವ ಕಂಪ್ಯೂಟರನ್ನೇ ಒಂದು ಮೂಲೆಯಲ್ಲಿ ಇಟ್ಟಿದ್ದೇವೆ, ಬೇಕಾದಾಗ ಆನ್ ಮಾಡಿ ನೋಡುತ್ತೇವೆ. ಬ್ಯಾಕಪ್ ಕೂಡ ಇದೆ. ಸಾಕಲ್ವಾ?

ಉತ್ತರ: ಮೊದಲ ಕೆಲವು ತಿಂಗಳಿಗೆ ಸಾಕು, ಅದೂ ಯಾರೂ ಹೊಸ ನಮೂದು ಹಾಕದಂತೆ ಓದಲು ಮಾತ್ರ ಅನುಮತಿ ಕೊಟ್ಟಿದ್ದರೆ. ವರ್ಷಗಟ್ಟಲೆ ನಂಬಲು ಸಾಲದು. ಡಿಸ್ಕ್ ಕೆಡುತ್ತದೆ, ಲೈಸೆನ್ಸ್ ಅವಧಿ ಮುಗಿಯುತ್ತದೆ, ಪಾಸ್‌ವರ್ಡ್ ಗೊತ್ತಿದ್ದ ಒಬ್ಬರು ಕೆಲಸ ಬಿಟ್ಟು ಹೋಗುತ್ತಾರೆ. ಇನ್ನು ಬ್ಯಾಕಪ್ ಅಂತ ನೀವು ಹೇಳುತ್ತಿರುವ ಫೈಲ್ ಸಾಮಾನ್ಯವಾಗಿ ಅದೇ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುತ್ತದೆ. ಬೀಗದ ಕೈಯನ್ನು ಅದೇ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ ಹಾಗೆ.

ಹಳೇ ಸಾಫ್ಟ್‌ವೇರ್ ಇಲ್ಲದೆಯೇ ಓದಲು ಬರುವ ರೂಪಕ್ಕೆ ಈಗಲೇ ತೆಗೆದಿಡಿ. ಪಟ್ಟಿಗಳಿಗೆ ಸಿಎಸ್‌ವಿ. ಟೇಬಲ್‌ಗಳು ಜಾಸ್ತಿ ಇದ್ದು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಎಸ್‌ಕ್ಯೂಲೈಟ್ (ಎಲ್ಲ ಟೇಬಲ್‌ಗಳನ್ನೂ ಒಂದೇ ಫೈಲಿನಲ್ಲಿ ಇಡುವ ಡೇಟಾಬೇಸ್ ಮಾದರಿ) ಫೈಲ್ ಒಳ್ಳೆಯದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ದೀರ್ಘಕಾಲ ಇಡಲು ಇದನ್ನು ಶಿಫಾರಸು ಮಾಡುತ್ತದೆ. ಬಿಲ್, ರಸೀದಿ, ವರದಿಗಳಂತೆ ಇದ್ದ ಹಾಗೇ ಕಾಣಬೇಕಾದ್ದಕ್ಕೆ ಪಿಡಿಎಫ್/ಎ. 2005ರಲ್ಲಿ ಬಂದ ಈ ಮಾನದಂಡದಲ್ಲಿ ಫಾಂಟ್ ಕೂಡ ಫೈಲ್ ಒಳಗೇ ಇರುತ್ತದೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದರೂ ಅಕ್ಷರ ಚದುರುವುದಿಲ್ಲ.

ಜೊತೆಗೆ ಒಂದೆರಡು ಪುಟದ ವಿವರಣೆ ಬರೆದಿಡಿ. ‘ಸ್ಟೇಟಸ್’ ಕಾಲಂನಲ್ಲಿ 3 ಅಂದ್ರೆ ರದ್ದಾದ ಆರ್ಡರ್, 4 ಅಂದ್ರೆ ವಾಪಸ್ ಬಂದದ್ದು, 9 ಅಂದ್ರೆ ಯಾರೋ ಪರೀಕ್ಷೆಗೆ ಹಾಕಿದ ಸುಳ್ಳು ನಮೂದು. ಇದು ಇವತ್ತು ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇದೆ, ಐದು ವರ್ಷ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಫೈಲ್‌ಗಳೆಲ್ಲ ಸರಿಯಾಗಿದ್ದೂ ಏನೂ ಅರ್ಥವಾಗದ ಸ್ಥಿತಿಗೆ ಬರುವುದು ಹೀಗೆ, ಮತ್ತು ಇದೊಂದು ನಷ್ಟ ತಪ್ಪಿಸಲು ಬೇಕಾದ್ದು ಒಂದು ಮಧ್ಯಾಹ್ನದ ಕೆಲಸ ಮಾತ್ರ.

ಹೀಗೆ ತೆಗೆದಿಟ್ಟದ್ದರ ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಮೈಸ್ಪೇಸ್ ಅನ್ನುವ ಸಾಮಾಜಿಕ ಜಾಲತಾಣದಲ್ಲಿ 2003ರಿಂದ 2015ರವರೆಗೆ ಜನ ಹಾಕಿದ್ದ ಹಾಡುಗಳು ಸರ್ವರ್ ಬದಲಾಯಿಸುವಾಗ ಹೋದವು ಅಂತ 2019ರಲ್ಲಿ ಗೊತ್ತಾಯಿತು. ಎಷ್ಟೋ ಕಲಾವಿದರ ಬಳಿ ಬೇರೆ ಪ್ರತಿಯೇ ಇರಲಿಲ್ಲ.

ಪ್ರಶ್ನೆ: ಕೆಲಸಕ್ಕೆ ಅರ್ಜಿ ಹಾಕಿದವರ ಬಯೋಡೇಟಾ, ಗುರುತಿನ ಚೀಟಿಗಳ ಸ್ಕ್ಯಾನ್ ಎಲ್ಲ ಹಳೇ ವ್ಯವಸ್ಥೆಯಲ್ಲಿ ರಾಶಿ ಬಿದ್ದಿವೆ. ಅಳಿಸಲು ಭಯ.

ಉತ್ತರ: ಇಟ್ಟುಕೊಳ್ಳಲು ಭಯಪಡಿ. ಬೇರೆಯವರ ಗುರುತಿನ ಚೀಟಿ ನಿಮ್ಮಲ್ಲಿ ಸೋರಿದರೆ ತೊಂದರೆ ಅವರಿಗೆ, ಹೊಣೆ ನಿಮಗೆ. ಯಾವುದನ್ನು ಎಷ್ಟು ವರ್ಷ ಇಡಬೇಕು ಅಂತ ನಿಮ್ಮ ಆಡಿಟರ್ ಮತ್ತು ವಕೀಲರಿಂದ ಬರೆಸಿಕೊಳ್ಳಿ, ಅವಧಿ ಮುಗಿದದ್ದನ್ನು ಅಳಿಸಿ, ಏನು ಅಳಿಸಿದಿರಿ ಯಾರು ಒಪ್ಪಿದರು ಅಂತ ದಾಖಲೆ ಇಡಿ. ಹೊಸ ಸಾಫ್ಟ್‌ವೇರ್‌ನವರಿಗೆ ಪರೀಕ್ಷೆಗೆ ಅಂತ ಕೊಟ್ಟ ಪ್ರತಿಯೂ ಅಳಿಯಬೇಕು, ಅದನ್ನು ಯಾರೂ ಕೇಳುವುದೇ ಇಲ್ಲ.

ಪ್ರಶ್ನೆ: ನಮ್ಮದು ತಿಂಗಳ ಚಂದಾ ಕಟ್ಟುವ ಆನ್‌ಲೈನ್ ಸಾಫ್ಟ್‌ವೇರ್. ಈ ತಿಂಗಳ ಕೊನೆಗೆ ನಿಲ್ಲಿಸಿ, ಒಂದನೇ ತಾರೀಖಿನಿಂದ ಹೊಸದು ಶುರು ಮಾಡುವ ಯೋಚನೆ. ಡೇಟಾ ಆಗಲೇ ಕೊಡುತ್ತೇವೆ ಅಂದಿದ್ದಾರೆ.

ಉತ್ತರ: ನಿಲ್ಲಿಸುತ್ತೇವೆ ಅಂತ ಹೇಳುವ ಮೊದಲೇ ಒಮ್ಮೆ ಪೂರ್ತಿ ಎಕ್ಸ್‌ಪೋರ್ಟ್ ತೆಗೆದು ನೋಡಿ. ಪಟ್ಟಿಗಳು ಬರುತ್ತವೆ, ಲಗತ್ತಿಸಿದ ಫೈಲ್‌ಗಳು ಬರುತ್ತವಾ? ಯಾರು ಯಾವಾಗ ಏನು ತಿದ್ದಿದರು ಅನ್ನುವ ಇತಿಹಾಸ? ಗ್ರಾಹಕರ ದೂರಿಗೆ ಬರೆದ ಟಿಪ್ಪಣಿಗಳು? ಇವು ಎಷ್ಟೋ ಸಲ ‘ಎಕ್ಸ್‌ಪೋರ್ಟ್’ ಬಟನ್‌ಗೆ ಸೇರಿರುವುದಿಲ್ಲ, ಬೇರೆಯಾಗಿ ಕೇಳಿ ತೆಗೆಸಬೇಕು. ಖಾತೆ ಮುಚ್ಚಿದ ಮೇಲೆ ಡೇಟಾ ಎಷ್ಟು ದಿನ ಉಳಿಯುತ್ತದೆ ಅಂತ ಒಪ್ಪಂದದಲ್ಲಿ ಓದಿ, ಬಾಯಿಮಾತು ಬೇಡ.

ಒಂದೇ ದಿನಕ್ಕೆ ಇದನ್ನು ಮುಚ್ಚಿ ಅದನ್ನು ತೆರೆಯುವ ಯೋಚನೆಯನ್ನೂ ಕೈಬಿಡಿ. ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆಗೆ ಹೋದಾಗ ಡೇಟಾ ಸರಿಯಾಗಿಯೇ ಬಂದಿತ್ತು, ಕೈಕೊಟ್ಟದ್ದು ಹೊಸ ವ್ಯವಸ್ಥೆ. ಗ್ರಾಹಕರಿಗೆ ತಮ್ಮ ಖಾತೆ ತೆರೆಯಲು ಆಗಲಿಲ್ಲ, 2022ರಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡ್‌ಗೂ ಮೀರಿ ದಂಡ ಬಿತ್ತು. ನೀವು ಇನ್ನೊಂದೆರಡು ತಿಂಗಳ ಚಂದಾ ಜಾಸ್ತಿ ಕಟ್ಟಿ, ಹೊಸದರಲ್ಲಿ ಒಂದು ತಿಂಗಳ ಲೆಕ್ಕ ಪೂರ್ತಿ ಮುಗಿಸಿ, ಹಳೇದರ ಜೊತೆ ತಾಳೆ ನೋಡಿದ ಮೇಲೆ ನಿಲ್ಲಿಸುವ ಪತ್ರ ಬರೆಯಿರಿ. ಪತ್ರದಲ್ಲಿ ಡೇಟಾ ಯಾವ ರೂಪದಲ್ಲಿ, ಯಾವ ತಾರೀಖಿನೊಳಗೆ ಬೇಕು, ಆಮೇಲೆ ಅವರ ಕಡೆ ಉಳಿದದ್ದನ್ನು ಯಾವಾಗ ಅಳಿಸಬೇಕು ಅನ್ನುವುದನ್ನೂ ಸೇರಿಸಿ.